ಮೂರನೇ ತಂತಿ ಪದೇ ಪದೇ ತುಂಡಾಗುತ್ತಿದ್ದರೆ

ಪೆಡಲ್ ಒತ್ತಿ ತಂತಿಯ ಸ್ವರ ಬದಲಿಸುವ ಪೆಡಲ್ ಸ್ಟೀಲ್ ಗಿಟಾರ್‌ನ ಇ9 ಟ್ಯೂನಿಂಗ್‌ನಲ್ಲಿ ಮೂರನೇ ತಂತಿಯೇ ಯಾಕೆ ತುಂಡಾಗುತ್ತದೆ, ತಂತಿ ಮೀಟಲು ಬೆರಳಿಗೆ ಹಾಕುವ ಪಿಕ್ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಆ ತಂತಿಯ ಹಣೆಬರಹವೇ ಅಷ್ಟು! 0.011 ಇಂಚಿನ ಸಣ್ಣ ತಂತಿ ಜಿ ಶಾರ್ಪ್‌ಗೆ ಬಿಗಿದಿರುತ್ತದೆ, ಬಿ ಪೆಡಲ್ ಒತ್ತಿದಾಗಲೆಲ್ಲ ಎ ಸ್ವರಕ್ಕೆ ಏರುತ್ತದೆ. ತಂತಿಯ ಕಂಪನಿ ಬದಲಿಸುವ ಮೊದಲು, ತುಂಡಾದ ಜಾಗ ನೋಡಿ. ಯಾವಾಗಲೂ ಚೇಂಜರ್ (ಪೆಡಲ್ ಒತ್ತಿದಾಗ ತಂತಿಯನ್ನು ಎಳೆಯುವ ಭಾಗ) ಮೇಲೆಯೇ ಆದರೆ, ಅಲ್ಲಿ ತಂತಿ ಕೊರೆದ ಗೀರು ಉಗುರಿಗೆ ತಾಗುತ್ತದೆ. ಅದನ್ನು ಪಾಲಿಶ್ ಮಾಡಿಸಿ. ಬಿಡಿ 0.011 ತಂತಿಗಳನ್ನು ಜಾಸ್ತಿಯೇ ಇಟ್ಟುಕೊಳ್ಳಿ.

ಆರನೇ ತಂತಿಯನ್ನು ಸುಮ್ನೆ ಪ್ಲೇನ್‌ನಿಂದ (ಒಂಟಿ ಎಳೆಯದು) ವೂಂಡ್‌ಗೆ (ಮೇಲೆ ಸಣ್ಣ ತಂತಿ ಸುತ್ತಿದ್ದು) ಬದಲಿಸಬೇಡಿ. ಎಳೆತದ ಅಳತೆ ಬದಲಾಗುತ್ತದೆ, ಪೆಡಲ್ ಮತ್ತೆ ಹೊಂದಿಸಬೇಕಾಗುತ್ತದೆ.

ಪಿಕ್ ವಿಷಯಕ್ಕೆ ಬಂದರೆ, ಹೆಬ್ಬೆರಳಿಗೆ ಪ್ಲಾಸ್ಟಿಕ್, ತೋರುಬೆರಳು, ನಡುಬೆರಳಿಗೆ ಲೋಹದ್ದು. ತುದಿಯನ್ನು ಬೆರಳಿನ ಆಕಾರಕ್ಕೆ ಬಗ್ಗಿಸಿಕೊಳ್ಳಿ. ನೇರವಾಗಿದ್ದರೆ ತಂತಿಗೆ ಸಿಕ್ಕಿಹಾಕಿಕೊಳ್ಳುತ್ತದೆ.