ಮನೆಯಲ್ಲಿ ಸಾಕುವ ಬಾಲ್ ಪೈಥಾನ್ ಹಾವಿನ ಗೂಡಿನ ತುಂಬ ಒಂದೇ ಬಿಸಿ ಇಟ್ಟರೆ ಸಾಲದೇ?

ಸಾಲದು. ಒಂದು ಬದಿ ಬೆಚ್ಚಗೆ (31–33 ಡಿಗ್ರಿ ಸೆಲ್ಸಿಯಸ್), ಇನ್ನೊಂದು ಬದಿ ತಂಪಾಗಿ (25–27) ಇರಲೇಬೇಕು. ಹಾವಿನ ದೇಹ ನಮ್ಮಂತೆ ತಾನೇ ಶಾಖ ಹುಟ್ಟಿಸಿಕೊಂಡು ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಬೇಕೆನಿಸಿದಾಗ ಬಿಸಿ ಜಾಗಕ್ಕೆ, ಸಾಕೆನಿಸಿದಾಗ ತಂಪಿಗೆ ಸರಿದು ಹದ ಮಾಡಿಕೊಳ್ಳುತ್ತದೆ. ಇಲಿ ನುಂಗಿದ ಮೇಲಂತೂ ಬಿಸಿ ಬೇಕೇ ಬೇಕು: ಮೈ ತಣ್ಣಗಿದ್ದರೆ ಜೀರ್ಣರಸಗಳ ಕೆಲಸ ನಿಧಾನವಾಗಿ, ನುಂಗಿದ್ದು ಹೊಟ್ಟೆಯಲ್ಲೇ ಕೊಳೆಯತೊಡಗುತ್ತದೆ, ಹಾವು ಅದನ್ನು ಕಕ್ಕಿಬಿಡಬಹುದು.

ಎರಡೂ ಬದಿಯಲ್ಲಿ ಅಡಗುವ ಜಾಗ ಇಡಿ. ಇಲ್ಲದಿದ್ದರೆ ಈ ಅಂಜುಬುರುಕ ಹಾವು ಬೇಕಾದ ಬಿಸಿಯನ್ನೂ ಬಿಟ್ಟು ಮರೆ ಇರುವ ಕಡೆಯೇ ಮುದುಡಿಕೊಳ್ಳುತ್ತದೆ. ಮತ್ತೆ, ಥರ್ಮೋಸ್ಟಾಟ್ (ಬಿಸಿ ಹದ ಮೀರದಂತೆ ತಡೆಯುವ ಸಾಧನ) ಇಲ್ಲದೆ ಹೀಟ್ ಮ್ಯಾಟ್ (ಗೂಡಿಗೆ ಬಿಸಿ ಕೊಡುವ ವಿದ್ಯುತ್ ಹಾಸು) ಹಾಕಲೇಬೇಡಿ, ದಯವಿಟ್ಟು. ಹೊಟ್ಟೆ ಸುಡುತ್ತಿದ್ದರೂ ಹಾವು ಎಷ್ಟೋ ಸಲ ಅಲ್ಲಿಂದ ಕದಲುವುದಿಲ್ಲ.