ಟ್ರ್ಯಾಕ್ ಬೈಕಿನ ಮುಂದಿನ ಫೋರ್ಕ್: ಮೊದಲು ಸ್ಪ್ರಿಂಗ್ ಅಳೆಯಿರಿ, ಆಮೇಲೆ ಅದಲುಬದಲು

ಪ್ರಶ್ನೆ: ಸ್ವಂತ ಟ್ಯೂಬ್ ಚಾಸಿಗೆ ಪಲ್ಸರ್ 150ರ ಎಂಜಿನ್ ಕೂರಿಸಿ ಚಿಕ್ಕ ರೇಸ್ ಬೈಕ್ ಕಟ್ಟಿದ್ದೇನೆ. ಪೆಟ್ರೋಲ್ ಸೇರಿ ತೂಕ 118 ಕೆ.ಜಿ., ರೈಡಿಂಗ್ ಸೂಟ್ ಹಾಕಿಕೊಂಡರೆ ನಾನು 62 ಕೆ.ಜಿ. ಮುಂದೆ ಹಳೆಯ 31 ಮಿ.ಮೀ. ಫೋರ್ಕ್ ಇದೆ. ಬ್ರೇಕ್ ಹಿಡಿದರೆ ಮುಂಭಾಗ ಪೂರ್ತಿ ಕುಸಿಯುತ್ತದೆ. ಆದರೆ ತಿರುವಿನ ನಡುವೆ ಸಣ್ಣ ಉಬ್ಬು ಸಿಕ್ಕರೂ ಕೈಗೆ ಗಟ್ಟಿಯಾಗಿ ಹೊಡೆಯುತ್ತದೆ. ನಾನಾ ಪೇಠೆಯಲ್ಲಿ ಕೆಟಿಎಂ ಡ್ಯೂಕ್‌ನ ಅಪ್‌ಸೈಡ್ ಡೌನ್ (ದಪ್ಪ ಹೊರಪೈಪ್ ಮೇಲೆ, ಒಳಪೈಪ್ ಕೆಳಗೆ ಇರುವ) ಫೋರ್ಕ್ ಸೆಟ್ ಸಿಗುತ್ತಿದೆ. ಕೊಳ್ಳಲೇ?
– ಭೋಸರಿ, ಪುಣೆ

ಉತ್ತರ: ಈಗಲೇ ಬೇಡ. ನೀವು ಹೇಳಿರುವ ಎರಡೂ ತೊಂದರೆಗಳು ಪೈಪಿನ ದಪ್ಪದಿಂದ ಬಂದವಲ್ಲ. ಮೆದು ಸ್ಪ್ರಿಂಗ್ ಮತ್ತು ಡ್ಯಾಂಪರ್ ರಾಡ್ (ತೂತುಗಳ ಮೂಲಕ ಆಯಿಲ್ ಹಾಯಿಸಿ ಫೋರ್ಕಿನ ಚಲನೆಯನ್ನು ತಡೆಯುವ ಕೊಳವೆ) ಸೇರಿದಾಗ ಹೀಗೇ ಆಗುತ್ತದೆ. ಡ್ಯಾಂಪರ್ ರಾಡಿನ ತೂತು ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಅದರಲ್ಲಿ ಆಯಿಲ್ ನುಗ್ಗುವ ವೇಗ ಎರಡರಷ್ಟಾದರೆ ತಡೆ ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ. ಬ್ರೇಕ್ ಹಿಡಿದಾಗ ಫೋರ್ಕ್ ನಿಧಾನವಾಗಿ ಇಳಿಯುವುದರಿಂದ ತಡೆಯೇ ಸಿಗದು. ಉಬ್ಬಿಗೆ ಚಕ್ರ ಸರ್ರನೆ ಮೇಲೇಳುವುದರಿಂದ ತಡೆ ವಿಪರೀತ. ಇದಕ್ಕೆ ದಪ್ಪ ಆಯಿಲ್ ಸುರಿದರೆ ಕುಸಿತ ತುಸು ತಗ್ಗಬಹುದು, ಹೊಡೆತ ಮಾತ್ರ ಇನ್ನೂ ಕೆಡುತ್ತದೆ.

ಸ್ಪ್ರಿಂಗ್ ಹೊರತೆಗೆದು ಅಳೆಯಿರಿ. ಡ್ರಿಲ್ ಸ್ಟ್ಯಾಂಡಿನ ಕೆಳಗೆ ತೂಕದ ಯಂತ್ರ ಇಟ್ಟು, ಸ್ಪ್ರಿಂಗ್ ಬಾಗದಂತೆ ನಡುವೆ ಒಂದು ಸರಳು ತೂರಿಸಿ, 30 ಮಿ.ಮೀ. ಒತ್ತಿ ಹಿಡಿಯಿರಿ. 18 ಕೆ.ಜಿ. ತೋರಿಸಿದರೆ ಅದು ಮಿ.ಮೀ.ಗೆ 0.6 ಕೆ.ಜಿ.ಯ ಸ್ಪ್ರಿಂಗ್. ಈಗ ನಿಮ್ಮ ಬೈಕಿನ ಲೆಕ್ಕ ನೋಡಿ. ಬೈಕು, ಸವಾರ ಸೇರಿ 180 ಕೆ.ಜಿ. ಅರ್ಧ ಮುಂದಕ್ಕೆ ಬಿದ್ದರೆ 90. ಚಕ್ರ, ಡಿಸ್ಕ್, ಫೋರ್ಕಿನ ಕೆಳಭಾಗಕ್ಕೆ 15 ಕಳೆದರೆ 75. ಫೋರ್ಕ್ ಓರೆಯಾಗಿರುವುದರಿಂದ ಅದರ ನೇರಕ್ಕೆ ಬೀಳುವ ಭಾರ ಸುಮಾರು 68 ಕೆ.ಜಿ. 0.6ರ ಎರಡು ಸ್ಪ್ರಿಂಗ್ ಸೇರಿ 1.2. ಅಂದರೆ 57 ಮಿ.ಮೀ. ಕುಗ್ಗುತ್ತದೆ. ಪ್ರಿಲೋಡ್ (ಜೋಡಿಸುವಾಗಲೇ ಸ್ಪ್ರಿಂಗನ್ನು ಒತ್ತಿಟ್ಟಿರುವ ಅಳತೆ) 20 ಕಳೆದರೆ ಸವಾರ ಕೂತಾಗಿನ ಸ್ಯಾಗ್, ಅಂದರೆ ಫೋರ್ಕ್ ಕುಗ್ಗುವ ಅಳತೆ, 37. ಸುಮಾರು 120 ಮಿ.ಮೀ. ಪಯಣದ (ಒಟ್ಟು ಕುಗ್ಗಬಲ್ಲ ದೂರದ) ಫೋರ್ಕಿಗೆ ಟ್ರ್ಯಾಕಿನಲ್ಲಿ 30ರ ಆಸುಪಾಸು ಸಾಕು. 0.7ರ ಸ್ಪ್ರಿಂಗ್, 15ರ ಪ್ರಿಲೋಡ್ ಇಟ್ಟರೆ 34 ಬರುತ್ತದೆ. ಮೊದಲ ಓಟಕ್ಕೆ ಇದು ಸರಿಯಾದ ಜಾಗ.

ಇಲ್ಲಿ ಬಹಳ ಜನ ಎಡವುತ್ತಾರೆ. ಸ್ಪ್ರಿಂಗ್ ಮೆದುವಾಗಿದೆ ಎಂದು ಮೇಲೆ ಉದ್ದನೆಯ ಪೈಪ್ ತುಂಡು ಇಟ್ಟು ಬಿಗಿಯುತ್ತಾರೆ. ಅದರಿಂದ ಬೈಕಿನ ಮುಂಭಾಗ ಎತ್ತರವಾಗುತ್ತದೆಯೇ ಹೊರತು ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಗಟ್ಟಿ ಮಾಡಬೇಕಾದರೆ ಬೇರೆ ಸ್ಪ್ರಿಂಗ್ ಬೇಕು, ಇಲ್ಲವೇ ಸುರುಳಿ ಕಡಿಮೆ ಮಾಡಬೇಕು. 40 ಸುರುಳಿಯಲ್ಲಿ 4 ಕತ್ತರಿಸಿದರೆ 0.6 ಇದ್ದದ್ದು 0.67 ಆಗುತ್ತದೆ. ಒಂದು ತುದಿಯಲ್ಲಿ ಸುರುಳಿಗಳು ಒತ್ತೊತ್ತಾಗಿದ್ದರೆ ಆ ತುದಿಯಿಂದಲೇ ಕತ್ತರಿಸಿ. ಕತ್ತರಿಸಿದ ತುದಿಯನ್ನು ಗ್ರೈಂಡರಿನಲ್ಲಿ ಸಮತಟ್ಟು ಮಾಡಿ, ಅದರ ಮೇಲೆ ಸ್ಟೀಲ್ ವಾಷರ್ ಇಡಿ, ಹೋದ ಉದ್ದಕ್ಕೆ ಸ್ಪೇಸರ್ ಕೊಡಿ. ಇನ್ನೊಂದು ಲೆಕ್ಕ ತಪ್ಪಿಸಬೇಡಿ: ಸುರುಳಿಗಳ ಸಂಖ್ಯೆಯನ್ನು ತಂತಿಯ ದಪ್ಪದಿಂದ ಗುಣಿಸಿ, ಸ್ಪ್ರಿಂಗಿನ ಉದ್ದದಿಂದ ಕಳೆಯಿರಿ. ಉಳಿದದ್ದು ಪಯಣ ಮತ್ತು ಪ್ರಿಲೋಡಿನ ಮೊತ್ತಕ್ಕಿಂತ ಹೆಚ್ಚಿರಬೇಕು. ಇಲ್ಲದಿದ್ದರೆ ಸುರುಳಿಗಳು ಒಂದಕ್ಕೊಂದು ಅಂಟಿ, ಕಡು ಬ್ರೇಕಿಂಗಿನಲ್ಲಿ ಫೋರ್ಕ್ ಗಕ್ಕನೆ ನಿಂತು ಮುಂದಿನ ಟೈರ್ ಜಾರುತ್ತದೆ.

ಉಬ್ಬಿನ ಹೊಡೆತಕ್ಕೆ ಮದ್ದು ಕಾರ್ಟ್ರಿಡ್ಜ್ ಎಮ್ಯುಲೇಟರ್. ಡ್ಯಾಂಪರ್ ರಾಡಿನ ತಲೆಯ ಮೇಲೆ ಕೂರುವ ಸ್ಪ್ರಿಂಗ್ ಕವಾಟವಿದು. ಒತ್ತಡ ಏರಿದಾಗ ತೆರೆದುಕೊಂಡು ಆಯಿಲ್ ಬಿಡುತ್ತದೆ. ನಿಮ್ಮ ಪೈಪಿನ ಒಳವ್ಯಾಸಕ್ಕೆ ಹೊಂದುವುದನ್ನೇ ತರಿಸಿ. ರಾಡಿನ ಕೆಳಗಿನ ಕಂಪ್ರೆಷನ್ ತೂತುಗಳನ್ನು (ಫೋರ್ಕ್ ಕುಗ್ಗುವಾಗ ಆಯಿಲ್ ಹರಿಯುವವು) ದೊಡ್ಡದು ಮಾಡಿ, ಹೆಚ್ಚುವರಿ ತೂತು ಕೊರೆಯಬೇಕು. ಇಲ್ಲವಾದರೆ ಹಳೆಯ ತೂತೇ ಅಡ್ಡಿಯಾಗಿ ಕವಾಟಕ್ಕೆ ಕೆಲಸವೇ ಇರುವುದಿಲ್ಲ. ಒಂದು ಜೋಡಿ ತೂತಿಗೆ ಇನ್ನೊಂದು ಜೋಡಿ 90 ಡಿಗ್ರಿ ತಿರುಗಿರಲಿ, ಆಗ ರಾಡ್ ದುರ್ಬಲವಾಗದು. ಅಂಚಿನ ಬರ್ (ಕೊರೆದಾಗ ಉಳಿಯುವ ಚೂಪು ಲೋಹದ ಚಕ್ಕೆ) ಪೂರ್ತಿ ತೆಗೆಯಿರಿ. ಮೇಲಿನ ಸಣ್ಣ ರಿಬೌಂಡ್ ತೂತನ್ನು (ಕುಗ್ಗಿದ ಫೋರ್ಕ್ ಮತ್ತೆ ಚಾಚುವ ವೇಗವನ್ನು ತಡೆಯುವುದು) ಮುಟ್ಟಲೇಬೇಡಿ. ರಿಬೌಂಡನ್ನು ಆಯಿಲಿನ ದಪ್ಪದಿಂದ ಹೊಂದಿಸಬೇಕು. ಒಂದು ಕಂಪನಿಯ 10ಡಬ್ಲ್ಯೂ ಇನ್ನೊಂದರ 10ಡಬ್ಲ್ಯೂಗೆ ಸಮವಲ್ಲ, ಆದ್ದರಿಂದ ಡಬ್ಬಿಯ ಮೇಲೆ 40 ಡಿಗ್ರಿ ಸೆಲ್ಸಿಯಸ್‌ಗೆ ಕೊಟ್ಟಿರುವ ಸೆಂಟಿಸ್ಟೋಕ್ (ಆಯಿಲಿನ ದಪ್ಪದ ಅಳತೆ) ಅಂಕಿ ನೋಡಿ ಕೊಳ್ಳಿ.

ಆಯಿಲನ್ನು ಮಿಲಿಲೀಟರಿನಲ್ಲಿ ಅಳೆದು ಬಿಡಬೇಡಿ. ಸ್ಪ್ರಿಂಗ್ ತೆಗೆದು, ಪೈಪನ್ನು ಪೂರ್ತಿ ಕೆಳಗಿಳಿಸಿ, ಪೈಪಿನ ಬಾಯಿಂದ ಆಯಿಲಿನ ಮಟ್ಟದವರೆಗಿನ ಗಾಳಿಜಾಗ ಅಳೆಯಿರಿ. ಒಳವ್ಯಾಸ 26 ಮಿ.ಮೀ. ಇದ್ದರೆ 10 ಮಿ.ಮೀ. ಎಂದರೆ ಸುಮಾರು 5 ಮಿ.ಲೀ. ಮಾತ್ರ. ಇಷ್ಟು ಸಣ್ಣ ವ್ಯತ್ಯಾಸಕ್ಕೇ ಕೊನೆಯ ಮೂರನೇ ಒಂದು ಪಾಲು ಪಯಣ ಗಟ್ಟಿಯಾಗುತ್ತದೆ. ಪೈಪಿಗೆ ಒಂದು ಕೇಬಲ್ ಟೈ ಕಟ್ಟಿ ಓಡಿಸಿ, ಅದು ಸರಿದು ನಿಂತ ಜಾಗವೇ ಫೋರ್ಕ್ ಎಷ್ಟು ಇಳಿಯಿತು ಎಂಬ ಗುರುತು. ಅತಿ ಕಡು ಬ್ರೇಕಿನಲ್ಲೂ ಕೊನೆಯ 10 ಮಿ.ಮೀ. ಉಳಿಯಬೇಕು.

ಇಷ್ಟಾದ ಮೇಲೂ ಬ್ರೇಕಿನಲ್ಲಿ ಪೈಪ್ ಬಾಗಿದಂತೆ, ಚಕ್ರ ನಡುಗಿದಂತೆ ಅನಿಸಿದರೆ ಆಗ ದೊಡ್ಡ ಫೋರ್ಕಿನ ಮಾತು. ಆಗಲೂ ನನ್ನ ಆಯ್ಕೆ ಡ್ಯೂಕ್ ಅಲ್ಲ, ಕೆಟಿಎಂನದೇ ಆರ್‌ಸಿ. ಎರಡೂ ಚಾಕಣದಲ್ಲೇ ತಯಾರಾಗುವ ಬೈಕುಗಳು, ಎರಡರದ್ದೂ 43 ಮಿ.ಮೀ. ಫೋರ್ಕ್, ಆದರೆ ಆರ್‌ಸಿಯದು ಗಿಡ್ಡ (ಉದ್ದವಾದರೆ ಏನಾಗುತ್ತದೆ ಎಂಬುದು ಮುಂದಿನ ಉತ್ತರದಲ್ಲಿದೆ). ಯಾವುದೇ ಆದರೂ ನಿಮ್ಮ ಹಗುರ ಬೈಕಿಗೆ ಅದರ ಸ್ಪ್ರಿಂಗ್ ಮತ್ತೆ ಅಳೆಯಬೇಕಾಗುತ್ತದೆ. ಬಿಲ್ ಇಲ್ಲದ ಸೆಟ್ ಕೊಳ್ಳಬೇಡಿ. ಅಪಘಾತದ ಬೈಕಿನದ್ದಾದರೆ ಪೈಪುಗಳನ್ನು ವಿ-ಬ್ಲಾಕ್ (ವಿ ಆಕಾರದ ಕೊರಕಲಿರುವ ಆಸರೆ) ಮೇಲಿಟ್ಟು, ಡಯಲ್ ಗೇಜ್ ತಾಗಿಸಿ ತಿರುಗಿಸುತ್ತಾ, ಬಾಗಿವೆಯೇ ನೋಡಿ.

ಪ್ರಶ್ನೆ: ನನ್ನ ಟ್ರ್ಯಾಕ್ ಬೈಕಿಗೆ ಡ್ಯೂಕ್ ಫೋರ್ಕ್ ಹಾಕಿಸಿಯಾಯಿತು. ಈಗ ತಿರುವಿಗೆ ಇಳಿಯಲು ಒಪ್ಪುವುದೇ ಇಲ್ಲ, ತಳ್ಳಿ ತಳ್ಳಿ ಮಲಗಿಸಬೇಕು. ಹಳೆಯ ಕೋನ (ಲಂಬದಿಂದ ಫೋರ್ಕಿನ ಓರೆ) 24 ಡಿಗ್ರಿ, ಆಫ್‌ಸೆಟ್ (ಹ್ಯಾಂಡಲ್ ತಿರುಗುವ ಅಕ್ಷಕ್ಕಿಂತ ಪೈಪುಗಳು ಮುಂದಿರುವ ದೂರ) 40. ಹೊಸ ಟಿಗಳ (ಎರಡೂ ಪೈಪುಗಳನ್ನು ಹಿಡಿದಿಡುವ ಮೇಲಿನ, ಕೆಳಗಿನ ಕ್ಲಾಂಪುಗಳ) ಆಫ್‌ಸೆಟ್ 32, ಫೋರ್ಕ್ 35 ಮಿ.ಮೀ. ಉದ್ದ. ವೀಲ್‌ಬೇಸ್ 1300, ಟೈರ್ 90/80-17.
– ಮಡಗಾಂವ್, ಗೋವಾ

ಉತ್ತರ: ಅಳತೆ ಕೊಟ್ಟಿದ್ದು ಒಳ್ಳೆಯದಾಯಿತು, ಕಾರಣ ಅದರಲ್ಲೇ ಇದೆ. ಚಕ್ರದ ತ್ರಿಜ್ಯ 288 ಮಿ.ಮೀ. ಎಂದಿಟ್ಟುಕೊಳ್ಳಿ. ತ್ರಿಜ್ಯವನ್ನು ಕೋನದ ಸೈನ್‌ನಿಂದ ಗುಣಿಸಿ, ಆಫ್‌ಸೆಟ್ ಕಳೆದು, ಕೊಸೈನ್‌ನಿಂದ ಭಾಗಿಸಿದರೆ ಟ್ರೇಲ್, ಅಂದರೆ ಹ್ಯಾಂಡಲ್ ತಿರುಗುವ ಅಕ್ಷ ನೆಲ ಮುಟ್ಟುವ ಜಾಗಕ್ಕಿಂತ ಟೈರ್ ನೆಲ ಮುಟ್ಟುವ ಜಾಗ ಎಷ್ಟು ಹಿಂದಿದೆ ಎಂಬುದು. ಮೊದಲು ನಿಮ್ಮ ಟ್ರೇಲ್ 84 ಇತ್ತು. ಉದ್ದ ಫೋರ್ಕ್ ಮುಂಭಾಗವನ್ನು 32 ಮಿ.ಮೀ. ಎತ್ತಿದೆ, ಕೋನ 25.4 ಆಗಿದೆ, ಆಫ್‌ಸೆಟ್ ತಗ್ಗಿದೆ. ಈಗಿನ ಟ್ರೇಲ್ 101. ಟ್ರೇಲ್ ಹೆಚ್ಚಿದಷ್ಟೂ ಬೈಕು ನೇರ ಓಡಲು ನೋಡುತ್ತದೆ, ಅದು ಇಳಿಯದಿರುವುದು ಇದರಿಂದಲೇ.

ಪೈಪುಗಳನ್ನು ಟಿಯೊಳಗೆ 20 ಮಿ.ಮೀ. ಮೇಲಕ್ಕೆ ಸರಿಸಿದರೆ ಟ್ರೇಲ್ 97ಕ್ಕೆ ಇಳಿಯುತ್ತದೆ, ಅಷ್ಟೇ. ಅದರ ಜೊತೆ 40 ಆಫ್‌ಸೆಟ್ಟಿನ ಟಿ ಹಾಕಿದರೆ 88. ಹಾಗಾಗಿ ಟಿಗೇ ದುಡ್ಡು ಹಾಕಿ. ಮೇಲಿನ, ಕೆಳಗಿನ ಎರಡೂ ಟಿಯ ತೂತುಗಳನ್ನು ಮಿಲ್ಲಿಂಗ್ ಯಂತ್ರದಲ್ಲಿ ಒಂದೇ ಸೆಟ್ಟಿಂಗಿನಲ್ಲಿ ಬೋರ್ ಮಾಡಿಸಿ. ಅಂತರದಲ್ಲಿ ವ್ಯತ್ಯಾಸ ಬಂದರೆ ಪೈಪುಗಳು ಒಂದನ್ನೊಂದು ಎಳೆದುಕೊಂಡು ಫೋರ್ಕ್ ಅಂಟುತ್ತದೆ. ಸ್ಟೆಮ್‌ಗೆ (ಕೆಳಗಿನ ಟಿಯಿಂದ ಮೇಲೆದ್ದು ಚಾಸಿಯೊಳಗೆ ತಿರುಗುವ ದಂಡಕ್ಕೆ) ಇಎನ್24 ಎಂಬ ಗಟ್ಟಿ ಉಕ್ಕು ಒಳ್ಳೆಯದು, ಕೂರಿಸುವುದು ಪ್ರೆಸ್‌ನಲ್ಲಿ. ಸ್ಟೆಮ್ ಸಡಿಲವಾದರೆ ಅದಕ್ಕೆ ವೆಲ್ಡಿಂಗ್ ಮದ್ದಲ್ಲ, ಹೊಸ ಸ್ಟೆಮ್ಮೇ ಬೇಕು.

ಪೈಪ್ ಸರಿಸಿದ ಮೇಲೆ ಸ್ಪ್ರಿಂಗ್ ತೆಗೆದು ಫೋರ್ಕನ್ನು ತಳಮುಟ್ಟಿಸಿ ನೋಡಿ. ಟೈರಿಗೂ ಕೆಳಗಿನ ಟಿಗೂ ನಡುವೆ ಕನಿಷ್ಠ 10 ಮಿ.ಮೀ. ಬಿಡುವಿರಲಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಟ್ಯಾಂಕಿಗೂ ಬೆರಳಿಗೂ ಜಾಗ ಇದೆಯೇ ನೋಡಿಕೊಳ್ಳಿ. ಟಿ ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲೇ ಬಿಗಿಯಿರಿ: ಈ ಬಗೆಯ ಫೋರ್ಕಿನ ಹೊರಪೈಪ್ ಅಲ್ಯುಮಿನಿಯಂ, ಅತಿ ಬಿಗಿದರೆ ಗುಂಡಾಕಾರ ಕೆಟ್ಟು ಒಳಪೈಪ್ ಸಿಕ್ಕಿಕೊಳ್ಳುತ್ತದೆ. ಆಕ್ಸಲ್ ಬಿಗಿದ ನಂತರ, ಪಿಂಚ್ ಬೋಲ್ಟ್ (ಆಕ್ಸಲನ್ನು ಫೋರ್ಕಿನ ತುದಿಯಲ್ಲಿ ಅದುಮಿ ಹಿಡಿಯುವ ಬೋಲ್ಟ್) ಬಿಗಿಯುವ ಮೊದಲು, ಮುಂದಿನ ಬ್ರೇಕ್ ಹಿಡಿದು ನಾಲ್ಕೈದು ಸಲ ಒತ್ತಿ ಬಿಡಿ. ಕಾಲುಗಳು ತಮ್ಮ ಜಾಗಕ್ಕೆ ಬಂದು ಕೂರುತ್ತವೆ.

ಇದನ್ನೆಲ್ಲ ಪರೀಕ್ಷಿಸಲು ಘಾಟಿ ರಸ್ತೆಗೆ ಹೋಗಬೇಡಿ. ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಬೈಕನ್ನು ಟೆಂಪೋದಲ್ಲಿ ಹಾಕಿಕೊಂಡು ಟ್ರ್ಯಾಕಿಗೇ ಒಯ್ಯಿರಿ.

ಪ್ರಶ್ನೆ: ಫೋರ್ಕಿನ ಆಯಿಲ್ ಸೀಲ್ ಹೊಸದು ಹಾಕಿದರೂ ವಾರದಲ್ಲೇ ಸೋರುತ್ತದೆ. – ಠಾಣೆ

ಉತ್ತರ: ಸೀಲಿನ ತಪ್ಪಲ್ಲ, ಪೈಪ್ ನೋಡಿ. ಕಡಲ ಗಾಳಿಗೆ ಕ್ರೋಮಿನಲ್ಲಿ ತುಕ್ಕಿನ ಸಣ್ಣ ಗುಳಿಗಳು ಬೀಳುತ್ತವೆ. ಉಗುರು ಆಡಿಸಿದರೆ ತಿಳಿಯುತ್ತದೆ. ಗುಳಿ ಸೀಲ್ ಓಡಾಡುವ ಜಾಗದಲ್ಲಿದ್ದರೆ ಪೈಪನ್ನು ಹಾರ್ಡ್ ಕ್ರೋಮ್ ಮಾಡಿಸಿ ಗ್ರೈಂಡ್ ಮಾಡಿಸಬೇಕು, ಇಲ್ಲವೇ ಪೈಪ್ ಬದಲಿಸಬೇಕು. ಪೈಪ್ ನುಣುಪಾಗಿದ್ದರೆ ಬುಶ್ (ಪೈಪುಗಳು ಜಾರುವ ಉಂಗುರ) ಸವೆದಿದೆಯೇ, ಆಯಿಲ್ ಹೆಚ್ಚಾಗಿದೆಯೇ ನೋಡಿ. ಸೀಲ್ ತೂರಿಸುವಾಗ ಪೈಪಿನ ತುದಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಆಯಿಲ್ ಸವರಿ. ಆ ಚೂಪು ಅಂಚು ತಾಗಿಯೇ ಎಷ್ಟೋ ಹೊಸ ಸೀಲುಗಳ ತುಟಿ ಹರಿಯುತ್ತದೆ.