ಗೋಬರ್ ಗ್ಯಾಸ್ ಯಾಕೆ ನಾರುತ್ತದೆ, ಮಿಕ್ಕಿದ್ದನ್ನು ಗಾಳಿಗೆ ಬಿಡಬಹುದಾ?

ನಮಸ್ಕಾರ. ಮೀಥೇನ್‌ಗೆ ವಾಸನೆಯೇ ಇಲ್ಲ ಅಂತ ಮಗಳ ಪುಸ್ತಕದಲ್ಲಿದೆ, ಮತ್ತೆ ನಮ್ಮ ಗೋಬರ್ ಗ್ಯಾಸ್ ಯಾಕೆ ನಾರುತ್ತದೆ, ಮಿಕ್ಕಿದ ಗ್ಯಾಸನ್ನು ಸುಮ್ನೆ ಗಾಳಿಗೆ ಬಿಟ್ಟರೆ ತೊಂದರೆಯಾ ಅಂತ ಕೇಳಿದ್ದೀರಿ.

ಪುಸ್ತಕದಲ್ಲಿರುವುದು ಸರಿ. ಆದರೆ ಗೋಬರ್ ಗ್ಯಾಸ್‌ನಲ್ಲಿ ಮೀಥೇನ್ ಸುಮಾರು ಶೇಕಡ 60 ಮಾತ್ರ. ಉಳಿದದ್ದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್. ಜೊತೆಗೆ ಚೂರೇ ಚೂರು ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಆ ಕೊಳೆತ ಮೊಟ್ಟೆಯ ನಾತ ಅದರದ್ದು. ಬರ್ನರ್ ಬೇಗ ತುಕ್ಕು ಹಿಡಿಯುವುದಕ್ಕೂ ಅದು ಕಾರಣ.

ಅಡುಗೆಮನೆಯಲ್ಲಿ ನಾತ ಬಂದರೆ ಸ್ವಿಚ್ ಮುಟ್ಟಬೇಡಿ, ಕಿಟಕಿ ಬಾಗಿಲು ತೆರೆಯಿರಿ. ಗಾಳಿಯಲ್ಲಿ ಮೀಥೇನ್ ಶೇಕಡ 5ರಿಂದ 15ರಷ್ಟು ಸೇರಿದ್ದರೆ ಒಂದು ಕಿಡಿ ಸಾಕು. ಆಮೇಲೆ ಪೈಪಿನ ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ ನೋಡಿ. ನಮ್ಮ ಮನೆಯಲ್ಲಿ ವಾಲ್ವ್ ಪಕ್ಕ ಸಾಸಿವೆಯಷ್ಟು ಗುಳ್ಳೆಗಳು ಒಂದೊಂದಾಗಿ ಏಳುತ್ತಿದ್ದವು. ಸೋರುವ ಜಾಗ ಅಲ್ಲೇ ಸಿಕ್ಕಿತು.

ಇನ್ನು ಎರಡನೇ ಪ್ರಶ್ನೆ. ದಯವಿಟ್ಟು ಗಾಳಿಗೆ ಬಿಡಬೇಡಿ. ಮೀಥೇನ್ ವಾತಾವರಣದಲ್ಲಿ ಉಳಿಯುವುದು ಸುಮಾರು 12 ವರ್ಷ ಅಷ್ಟೇ. ಆದರೆ 20 ವರ್ಷದ ಲೆಕ್ಕ ಹಿಡಿದರೆ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಜಾಸ್ತಿ ಬಿಸಿ ಹಿಡಿದಿಡುತ್ತದೆ. ಉರಿಸಿದರೆ ಅದೇ ಮೀಥೇನ್ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಆಗಿಬಿಡುತ್ತದೆ. ವ್ಯತ್ಯಾಸ ಎಷ್ಟು ದೊಡ್ಡದು ನೋಡಿ! ಹಾಗಾಗಿ ಮಿಕ್ಕಿದ್ದರಲ್ಲಿ ಸ್ನಾನದ ನೀರು ಕಾಯಿಸಿ, ದನಗಳಿಗೆ ಹುರುಳಿ ಬೇಯಿಸಿ. ದಿನಾ ಮಿಗುತ್ತಿದ್ದರೆ ಪಕ್ಕದ ಮನೆಗೂ ಒಂದು ಪೈಪ್ ಎಳೆಯಬಹುದು, ಅಲ್ವಾ?